ಕ್ಲ್ಯಾಟ್ ತಯಾರಿ: ಹುಮ್ಮಸ್ಸು ಮತ್ತು ಅದರ ಲೆಕ್ಕ

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಐದು ವರ್ಷದ ಪದವಿಗೆ ಸೇರಲು ಬರೆಯಬೇಕಾದ ಕ್ಲ್ಯಾಟ್ ಪರೀಕ್ಷೆ ವರ್ಷಕ್ಕೆ ಒಂದೇ ಸಲ ನಡೆಯುತ್ತದೆ. ಎರಡು ಗಂಟೆ, 120 ಪ್ರಶ್ನೆ, 120 ಅಂಕ; ತಪ್ಪು ಉತ್ತರಕ್ಕೆ ಕಾಲು ಅಂಕ ಕಡಿತ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ, ಗಣಿತ ಎಂಬ ಐದು ವಿಭಾಗಗಳಲ್ಲೂ ಪ್ರಶ್ನೆಗಳು ಗದ್ಯಭಾಗವೊಂದರ ಬೆನ್ನಿಗೇ ಬರುತ್ತವೆ. ಮೊದಲು ಪ್ರತಿಯೊಂದು ಕಾನೂನು ಶಾಲೆಯೂ ತನ್ನದೇ ಪರೀಕ್ಷೆ ಇಟ್ಟುಕೊಂಡಿತ್ತು. 2008ರಲ್ಲಿ ಏಳು ಶಾಲೆಗಳು ಒಟ್ಟುಗೂಡಿ ಮೊದಲ ಕ್ಲ್ಯಾಟ್ ನಡೆಸಿದವು. ಆ ವರ್ಷ ಹೊಣೆ ಹೊತ್ತದ್ದು ಬೆಂಗಳೂರು ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲ್. ಈಗ ಇಪ್ಪತ್ತಕ್ಕೂ ಹೆಚ್ಚು ವಿಶ್ವವಿದ್ಯಾಲಯಗಳ ಒಕ್ಕೂಟ ಇದನ್ನು ನಡೆಸುತ್ತದೆ. 2020ರಲ್ಲಿ ಪ್ರಶ್ನೆಪತ್ರಿಕೆ ಗದ್ಯಾಧಾರಿತವಾಯಿತು, 2024ನೇ ಸಾಲಿನ ಪ್ರವೇಶದ ಹೊತ್ತಿಗೆ ಪ್ರಶ್ನೆಗಳ ಸಂಖ್ಯೆ 150ರಿಂದ 120ಕ್ಕೆ ಇಳಿಯಿತು. ಪರೀಕ್ಷೆ ಈಚೆಗೆ ಡಿಸೆಂಬರ್ ತಿಂಗಳಲ್ಲಿ ಬೀಳುತ್ತಿದೆ. ಕರ್ನಾಟಕದ ವಿದ್ಯಾರ್ಥಿಗೆ ಇದು ದ್ವಿತೀಯ ಪಿಯು ವರ್ಷದ ನಟ್ಟನಡುವೆ ಬರುವ ದಿನ. ಕಾಲೇಜಿನ ಪಾಠ, ಕಿರುಪರೀಕ್ಷೆ, ವಾರ್ಷಿಕ ಪರೀಕ್ಷೆಯ ಒತ್ತಡ ಎಲ್ಲವೂ ಅದರ ಆಚೀಚೆ ಇರುತ್ತವೆ.

ಈ ಪರೀಕ್ಷೆಗೆ ಓದುವವರು ಸಾಮಾನ್ಯವಾಗಿ ಸೋಲುವುದು ಪಠ್ಯದ ಕಷ್ಟಕ್ಕೆ ಅಲ್ಲ. ಕಾನೂನಿನ ಪೂರ್ವಜ್ಞಾನ ಇಲ್ಲಿ ಬೇಕಾಗಿಯೇ ಇಲ್ಲ. ಗಣಿತ ಹತ್ತನೇ ತರಗತಿಯ ಮಟ್ಟದ್ದು. ಕಷ್ಟ ಇರುವುದು ಕಾಲದಲ್ಲಿ. ಒಂದು ವರ್ಷವೋ ಒಂದೂವರೆ ವರ್ಷವೋ ದಿನವೂ ಓದಬೇಕು, ಫಲ ಕಾಣುವುದು ಮಾತ್ರ ಕೊನೆಯ ಒಂದು ಮಧ್ಯಾಹ್ನದಲ್ಲಿ. ನಡುವೆ ಪ್ರಗತಿಯ ಸುಳಿವಾಗಿ ಸಿಗುವುದು ಮಾಕ್ ಟೆಸ್ಟಿನ ಅಂಕವೊಂದೇ. ಆ ಅಂಕ ಏರಿದ ವಾರ ಉತ್ಸಾಹ ಉಕ್ಕುತ್ತದೆ, ಇಳಿದ ವಾರ ಪುಸ್ತಕ ಮುಟ್ಟುವ ಮನಸ್ಸಾಗುವುದಿಲ್ಲ. ಹುಮ್ಮಸ್ಸನ್ನು ಕಾಪಾಡಿಕೊಳ್ಳುವ ಪ್ರಶ್ನೆಯೂ ಪ್ರಗತಿಯನ್ನು ಅಳೆಯುವ ಪ್ರಶ್ನೆಯೂ ಇಲ್ಲಿ ಒಂದೇ ಆಗಿಬಿಡುತ್ತವೆ: ಯಾವುದನ್ನು ಅಳೆಯುತ್ತಾರೆ ಎನ್ನುವುದರ ಮೇಲೆ ಮನಸ್ಸು ನಿಲ್ಲುತ್ತದೆಯೋ ಕುಸಿಯುತ್ತದೆಯೋ ಎನ್ನುವುದು ತೀರ್ಮಾನವಾಗುತ್ತದೆ. ಮನೋವಿಜ್ಞಾನ ಕಳೆದ ನೂರು ವರ್ಷಗಳಲ್ಲಿ ಈ ನಂಟನ್ನು ಹಲವು ಕಡೆಯಿಂದ ಪರೀಕ್ಷಿಸಿದೆ.

ದೂರದ ಗುರಿ ಮನುಷ್ಯನನ್ನು ಅಷ್ಟಾಗಿ ಎಳೆಯುವುದಿಲ್ಲ ಎಂಬುದು ಈ ಅಧ್ಯಯನಗಳ ಹಳೆಯ ಫಲಿತಾಂಶಗಳಲ್ಲಿ ಒಂದು. ಅಮೆರಿಕದ ಮನೋವಿಜ್ಞಾನಿ ಕ್ಲಾರ್ಕ್ ಹಲ್ 1930ರ ದಶಕದಲ್ಲಿ ಇಲಿಗಳನ್ನು ಓಡಿಸಿ ನೋಡಿದಾಗ, ಆಹಾರ ಹತ್ತಿರವಾದಂತೆಲ್ಲ ಅವುಗಳ ಓಟ ಚುರುಕಾಗುತ್ತಿತ್ತು. ಗುರಿಯ ಸಾಮೀಪ್ಯ ಹೆಚ್ಚಿದಂತೆ ಪ್ರಯತ್ನ ಹೆಚ್ಚುತ್ತದೆ ಎಂಬ ಈ ತತ್ವ ಮನುಷ್ಯರಲ್ಲೂ ಕಂಡುಬಂದಿದೆ. ಜನವರಿಯಲ್ಲಿ ಕೂತು ಡಿಸೆಂಬರಿನ ಪರೀಕ್ಷೆಗೆ ಓದುವ ಹುಡುಗಿಗೆ ಓದು ಭಾರವಾಗಿ ತೋರುವುದು ಅವಳ ಸ್ವಭಾವದ ದೋಷ ಅಲ್ಲ. ಹನ್ನೊಂದು ತಿಂಗಳ ದೂರ ಯಾರಿಗೂ ಹಾಗೆಯೇ ತೋರುತ್ತದೆ.

ದೂರವನ್ನು ಕಡಿಮೆ ಮಾಡಲು ಆಗದಿದ್ದರೂ ತುಂಡು ಮಾಡಬಹುದು. ಆಲ್ಬರ್ಟ್ ಬಂಡೂರ ಮತ್ತು ಡೇಲ್ ಶಂಕ್ 1981ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ಚೆನ್ನಾಗಿ ತೋರಿಸುತ್ತದೆ. ಲೆಕ್ಕದಲ್ಲಿ ಹಿಂದುಳಿದ, ಲೆಕ್ಕವೆಂದರೆ ಬೇಸರಪಡುವ ಮಕ್ಕಳಿಗೆ ವ್ಯವಕಲನದ 42 ಪುಟಗಳ ಅಭ್ಯಾಸ ಕೊಟ್ಟರು, ಏಳು ಬೈಠಕ್‌ಗಳಲ್ಲಿ ಮಾಡಲು. ಒಂದು ಗುಂಪಿಗೆ ಪ್ರತಿ ಬೈಠಕ್ಕಿಗೆ ಆರು ಪುಟ ಮುಗಿಸುವ ಗುರಿ ಸೂಚಿಸಿದರು. ಇನ್ನೊಂದು ಗುಂಪಿಗೆ ಕೊನೆಯ ಹೊತ್ತಿಗೆ 42 ಪುಟ ಮುಗಿಸಿ ಎಂದರು. ಮೂರನೆಯ ಗುಂಪಿಗೆ ಗುರಿ ಇರಲಿಲ್ಲ. ಆರು ಪುಟದ ಗುಂಪು ಉಳಿದ ಎರಡಕ್ಕಿಂತ ಬಹಳ ಮುಂದೆ ಹೋಯಿತು. ಅದಕ್ಕಿಂತ ಮುಖ್ಯವಾದದ್ದು ಆಮೇಲೆ ಕಂಡಿತು: ಏನು ಬೇಕಾದರೂ ಮಾಡಬಹುದು ಎಂದು ಬಿಟ್ಟಾಗ, ಈ ಮಕ್ಕಳೇ ತಾವಾಗಿ ಹೆಚ್ಚು ಲೆಕ್ಕ ಬಿಡಿಸಿದರು. ಸಣ್ಣ ಗುರಿ ಮುಟ್ಟಿದ ಪ್ರತಿ ಸಲವೂ ತನ್ನಿಂದ ಆಗುತ್ತದೆ ಎಂಬ ನಂಬಿಕೆಗೆ ಪುರಾವೆ ಸಿಕ್ಕಿತು, ಆ ನಂಬಿಕೆಯಿಂದ ಆಸಕ್ತಿ ಹುಟ್ಟಿತು. ಎರಡನೇ ಗುಂಪಿಗೆ ಕೊಟ್ಟದ್ದೂ ಅದೇ 42 ಪುಟ ಎಂಬುದನ್ನು ಗಮನಿಸಬೇಕು. ಕೆಲಸ ಬದಲಾಗಿರಲಿಲ್ಲ, ಅಳತೆಗೋಲು ಬದಲಾಗಿತ್ತು. ಹುಮ್ಮಸ್ಸು ಬಂದ ಮೇಲೆ ಓದಬೇಕು ಎಂದು ಕಾಯುವವರು ಕಾರಣ–ಕಾರ್ಯಗಳನ್ನು ತಿರುಗುಮುರುಗು ಮಾಡಿಕೊಂಡಿರುತ್ತಾರೆ.

ಕ್ಲ್ಯಾಟ್‌ಗೆ ಇದನ್ನು ಅನ್ವಯಿಸಿದರೆ, ‘ಕಾನೂನು ತರ್ಕ ಗಟ್ಟಿ ಮಾಡಬೇಕು’ ಎಂಬುದು ಗುರಿಯೇ ಅಲ್ಲ. ‘ಇವತ್ತು ಎರಡು ಗದ್ಯಭಾಗ, ಹತ್ತು ಪ್ರಶ್ನೆ, ತಪ್ಪಿದ ಪ್ರತಿಯೊಂದಕ್ಕೂ ಕಾರಣ ಬರೆಯುವುದು’ ಎಂಬುದು ಗುರಿ. ಸಂಜೆಗೆ ಅದು ಮುಗಿಯಿತೋ ಇಲ್ಲವೋ ಎಂದು ಸಂಶಯವಿಲ್ಲದೆ ಹೇಳಬಹುದು.

ಹಾಗಾದರೆ ಈ ಸಣ್ಣ ಗುರಿಗಳ ಲೆಕ್ಕ ಬರೆದಿಡುವುದರಿಂದ ಪ್ರಯೋಜನ ಇದೆಯೇ? ಬೆಂಜಮಿನ್ ಹಾರ್ಕಿನ್ ಮತ್ತು ಸಂಗಡಿಗರು 2016ರಲ್ಲಿ 138 ಅಧ್ಯಯನಗಳನ್ನು, ಅಂದರೆ ಸುಮಾರು ಇಪ್ಪತ್ತು ಸಾವಿರ ಜನರ ಮಾಹಿತಿಯನ್ನು ಒಟ್ಟಿಗೆ ಇಟ್ಟು ವಿಶ್ಲೇಷಿಸಿದರು. ತಮ್ಮ ಪ್ರಗತಿಯನ್ನು ಆಗಾಗ ನೋಡಿಕೊಂಡವರು ಗುರಿ ಮುಟ್ಟುವುದು ಹೆಚ್ಚು ಎಂದು ಸ್ಪಷ್ಟವಾಯಿತು. ಮನಸ್ಸಿನಲ್ಲೇ ಲೆಕ್ಕ ಹಾಕಿಕೊಂಡಾಗಿನದಕ್ಕಿಂತ ಬರೆದಿಟ್ಟಾಗ, ಅಥವಾ ಇನ್ನೊಬ್ಬರಿಗೆ ವರದಿ ಒಪ್ಪಿಸಿದಾಗ ಪರಿಣಾಮ ಹೆಚ್ಚಿತ್ತು. ಇನ್ನೂ ಒಂದು ಸಂಗತಿ ಇದೆ. ತೂಕ ಇಳಿಸುವವರು ತೂಕವನ್ನಷ್ಟೇ ನೋಡಿಕೊಂಡರೆ ತೂಕದ ಮೇಲೆ ಪರಿಣಾಮ ಆಗುತ್ತದೆ, ಊಟದ ಲೆಕ್ಕ ಇಟ್ಟರೆ ಊಟದ ಮೇಲೆ ಆಗುತ್ತದೆ. ಯಾವುದರ ಲೆಕ್ಕ ಇಡುತ್ತಾರೋ ಅದು ಬದಲಾಗುತ್ತದೆ.

ಈ ಕೊನೆಯ ಸಂಗತಿಯಲ್ಲಿ ಎಚ್ಚರಿಕೆಯೂ ಅಡಗಿದೆ. ಬಹಳಷ್ಟು ವಿದ್ಯಾರ್ಥಿಗಳು ಬರೆದಿಡುವುದು ಓದಿದ ಗಂಟೆಗಳನ್ನು. ಅಳತೆಯೇ ಗುರಿಯಾಗಿಬಿಟ್ಟರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ ಎಂಬ ಮಾತು ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ. 1975ರಲ್ಲಿ ಬ್ರಿಟನ್ನಿನ ಹಣಕಾಸು ನೀತಿಯ ಸಂದರ್ಭದಲ್ಲಿ ಅವರು ಹೇಳಿದ್ದರ ಸಾರ ಅದು. ಗಂಟೆಗಳೇ ಗುರಿಯಾದಾಗ ಪುಸ್ತಕದ ಮುಂದೆ ಕೂತ ಹೊತ್ತು ಉದ್ದವಾಗುತ್ತದೆ, ಸುಲಭದ ಭಾಗವನ್ನೇ ಮತ್ತೆ ಮತ್ತೆ ಓದುವುದು ಹೆಚ್ಚುತ್ತದೆ. ಕಷ್ಟದ ಗದ್ಯಭಾಗದ ಮುಂದೆ ಇಪ್ಪತ್ತು ನಿಮಿಷ ಹೆಣಗಿದ್ದು ಆ ಪಟ್ಟಿಯಲ್ಲಿ ಕಾಣುವುದೇ ಇಲ್ಲ.

ಅಂಕಗಳ ವಿಷಯ ಇನ್ನೂ ಸೂಕ್ಷ್ಮ. ಫಲಿತಾಂಶ ತಿಳಿಸಿದರೆ ಸಾಧನೆ ಉತ್ತಮಗೊಳ್ಳುತ್ತದೆ ಎಂಬ ಸಾಮಾನ್ಯ ನಂಬಿಕೆಯನ್ನು ಅವ್ರಾಹಮ್ ಕ್ಲೂಗರ್ ಮತ್ತು ಏಂಜೆಲೊ ಡೆನಿಸಿ 1996ರಲ್ಲಿ ಪರಿಶೀಲಿಸಿದರು. ಸರಾಸರಿಯಲ್ಲಿ ನಂಬಿಕೆ ಸರಿಯೇ ಇತ್ತು. ಆದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಂದರ್ಭಗಳಲ್ಲಿ, ಫಲಿತಾಂಶ ತಿಳಿಸಿದ ಮೇಲೆ ಸಾಧನೆ ಕೆಳಗಿಳಿದಿತ್ತು. ಅವರು ಕೊಟ್ಟ ವಿವರಣೆ ಹೀಗೆ: ಗಮನವನ್ನು ಕೆಲಸದತ್ತ ತಿರುಗಿಸುವ ಹಿಮ್ಮಾಹಿತಿ ಸಹಾಯಕ, ಗಮನವನ್ನು ತನ್ನತ್ತ, ‘ನಾನು ಎಂಥವನು’ ಎಂಬ ಪ್ರಶ್ನೆಯತ್ತ ಎಳೆಯುವುದು ಹಾನಿಕರ. ‘ಅಖಿಲ ಭಾರತ ಮಟ್ಟದಲ್ಲಿ 4,000ನೇ ಸ್ಥಾನ’ ಎಂದು ಬರುವ ಮಾಕ್ ಟೆಸ್ಟಿನ ಸಂದೇಶದಲ್ಲಿ ಕೆಲಸದ ಬಗ್ಗೆ ಒಂದು ಅಕ್ಷರವೂ ಇಲ್ಲ. ‘ತೀರ್ಮಾನ ಮತ್ತು ಆಧಾರವಾಕ್ಯ ಗುರುತಿಸುವ ಎಂಟು ಪ್ರಶ್ನೆಗಳಲ್ಲಿ ಐದು ತಪ್ಪು’ ಎಂಬುದರಲ್ಲಿ ನಾಳೆ ಏನು ಮಾಡಬೇಕು ಎಂಬುದೂ ಇದೆ.

ಮಾಕ್ ಅಂಕವನ್ನು ನಂಬಿ ಮನಸ್ಸು ಕೆಡಿಸಿಕೊಳ್ಳಬಾರದು ಎನ್ನುವುದಕ್ಕೆ ಸಂಖ್ಯಾಶಾಸ್ತ್ರದ ಕಾರಣವೂ ಇದೆ, ಮತ್ತು ಅದನ್ನು ತಿಳಿದುಕೊಂಡವರಿಗೆ ಸಿಗುವ ನೆಮ್ಮದಿ ಸಣ್ಣದಲ್ಲ. ಒಬ್ಬ ವಿದ್ಯಾರ್ಥಿಯ ನಿಜ ಸಾಮರ್ಥ್ಯ 120 ಪ್ರಶ್ನೆಗಳಲ್ಲಿ 78ನ್ನು, ಅಂದರೆ ಶೇ 65ನ್ನು ಸರಿ ಮಾಡುವಷ್ಟು ಇದೆ ಎಂದುಕೊಳ್ಳೋಣ. ಎಲ್ಲ ಪ್ರಶ್ನೆಗೂ ಉತ್ತರಿಸಿದರೆ 42 ತಪ್ಪಿಗೆ 10.5 ಅಂಕ ಕಳೆದು 67.5 ಬರಬೇಕು. ಆದರೆ ಯಾವ ದಿನ ಯಾವ ಪ್ರಶ್ನೆ ಬೀಳುತ್ತದೆ, ಎರಡು ಉತ್ತರಗಳ ನಡುವೆ ತೂಗಾಡಿದಾಗ ಯಾವ ಕಡೆ ವಾಲುತ್ತದೆ ಎಂಬುದರಲ್ಲಿ ಆಕಸ್ಮಿಕ ಇದ್ದೇ ಇರುತ್ತದೆ. ಸರಳ ಸಂಭವನೀಯತೆಯ ಸೂತ್ರದಲ್ಲಿ ಈ ಆಕಸ್ಮಿಕದಿಂದ ಆಗುವ ಚದುರುವಿಕೆ ಸರಿಯುತ್ತರಗಳಲ್ಲಿ ಸುಮಾರು 5, ಅಂಕಗಳಲ್ಲಿ ಸುಮಾರು 6.5. ಸಾಮರ್ಥ್ಯ ಕೂದಲೆಳೆಯಷ್ಟೂ ಬದಲಾಗದಿದ್ದರೂ ಮೂರರಲ್ಲಿ ಎರಡು ಟೆಸ್ಟುಗಳ ಅಂಕ 61 ಮತ್ತು 74ರ ನಡುವೆ ಎಲ್ಲಿ ಬೇಕಾದರೂ ಬೀಳಬಹುದು, ಮೂರನೆಯದು ಅದರ ಹೊರಗೂ ಹೋಗಬಹುದು. ಎರಡು ಟೆಸ್ಟುಗಳ ನಡುವಿನ ವ್ಯತ್ಯಾಸದಲ್ಲಿ ಎರಡರ ಆಕಸ್ಮಿಕವೂ ಸೇರುವುದರಿಂದ 9 ಅಂಕದ ಏರಿಳಿತ ತೀರ ಮಾಮೂಲು. ಕಳೆದ ಭಾನುವಾರ 71 ಬಂದು ಈ ಭಾನುವಾರ 63 ಬಂದರೆ ಅದರಲ್ಲಿ ಸುದ್ದಿ ಇಲ್ಲ. ಒಂದೇ ದಿನದ ಮಳೆ ನೋಡಿ ಆ ವರ್ಷದ ಮುಂಗಾರು ಹೇಗಿದೆ ಎಂದು ಯಾವ ರೈತನೂ ಹೇಳುವುದಿಲ್ಲ.

ಅಮೆರಿಕದಲ್ಲಿ ಕಾನೂನು ಶಾಲೆಗಳಿಗೆ ಪ್ರವೇಶ ಕೊಡುವ ಎಲ್‌ಸ್ಯಾಟ್ ಪರೀಕ್ಷೆ ಈ ಅನಿಶ್ಚಿತತೆಯನ್ನು ಮುಚ್ಚಿಡುವುದಿಲ್ಲ. 1948ರಿಂದ ನಡೆದುಬಂದಿರುವ ಆ ಪರೀಕ್ಷೆಯ ಅಂಕ 120ರಿಂದ 180ರವರೆಗಿನ ಮಾಪನದಲ್ಲಿರುತ್ತದೆ. ಅಂಕದ ಜೊತೆಗೆ ಆಚೀಚೆ ಸುಮಾರು ಮೂರು ಅಂಕಗಳ ವ್ಯಾಪ್ತಿಯೊಂದನ್ನೂ ಕೊಡುತ್ತಾರೆ: 160 ಬಂದವರ ನಿಜ ಸಾಮರ್ಥ್ಯ 157ರಿಂದ 163ರ ನಡುವೆ ಇರಬಹುದು ಎಂದು ಓದಿಕೊಳ್ಳಬೇಕು. ವರ್ಷಗಟ್ಟಲೆ ಪರೀಕ್ಷಿಸಿ, ತೂಕ ನೋಡಿ ಸಿದ್ಧಪಡಿಸಿದ ಪ್ರಶ್ನೆಗಳ ಕಥೆಯೇ ಇದು. ಕೋಚಿಂಗ್ ಕೇಂದ್ರಗಳ ಮಾಕ್ ಪತ್ರಿಕೆಗಳ ಕಷ್ಟದ ಮಟ್ಟವೇ ಒಂದರಿಂದೊಂದಕ್ಕೆ ಬೇರೆಯಾಗಿರುತ್ತದೆ. ಅಲ್ಲಿ ಏರುಪೇರು ಇನ್ನೂ ಹೆಚ್ಚೆಂದು ಇಟ್ಟುಕೊಳ್ಳುವುದೇ ಕ್ಷೇಮ.

ಇದಕ್ಕೆ ಪರಿಹಾರ ಸರಾಸರಿ. ನಾಲ್ಕು ಟೆಸ್ಟುಗಳ ಸರಾಸರಿ ತೆಗೆದರೆ ಆಕಸ್ಮಿಕದ ಚದುರುವಿಕೆ ಅರ್ಧಕ್ಕೆ ಇಳಿಯುತ್ತದೆ. ಹೊಸ ಟೆಸ್ಟ್ ಬರೆದಾಗಲೆಲ್ಲ ಹಳೆಯದೊಂದನ್ನು ಬಿಟ್ಟು ಇತ್ತೀಚಿನ ನಾಲ್ಕರ ಸರಾಸರಿಗೆ ಗ್ರಾಫ್ ಹಾಳೆಯಲ್ಲಿ ಚುಕ್ಕಿ ಇಡುತ್ತ ಹೋದರೆ, ಬಿಡಿ ಅಂಕಗಳಲ್ಲಿ ಕಾಣದ ದಿಕ್ಕು ಎರಡು ಮೂರು ತಿಂಗಳಲ್ಲಿ ಕಣ್ಣಿಗೆ ಬೀಳುತ್ತದೆ.

ಆಕಸ್ಮಿಕವನ್ನು ಅರಿಯದಿದ್ದಾಗ ಮನೆಯವರೂ ತಪ್ಪು ಪಾಠ ಕಲಿಯುತ್ತಾರೆ. ಅಸಾಧಾರಣವಾಗಿ ಕೆಟ್ಟ ಅಂಕದ ನಂತರ ಬರುವುದು ಬಹುತೇಕ ಅದಕ್ಕಿಂತ ಉತ್ತಮವಾದದ್ದೇ, ಅಸಾಧಾರಣವಾಗಿ ಒಳ್ಳೆಯದರ ನಂತರದ್ದು ಕಡಿಮೆಯೇ. ಸರಾಸರಿಯತ್ತ ಮರಳುವ ಈ ಗುಣವನ್ನು ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ತಂದೆತಾಯಿ ಮತ್ತು ಮಕ್ಕಳ ಎತ್ತರದ ಅಧ್ಯಯನದಲ್ಲಿ ವಿವರಿಸಿದ. ಇಸ್ರೇಲಿನ ವಾಯುಪಡೆಯ ತರಬೇತುದಾರರಿಗೆ ಮನೋವಿಜ್ಞಾನ ಹೇಳಿಕೊಡುತ್ತಿದ್ದ ಡೇನಿಯಲ್ ಕಾಹ್ನೆಮನ್‌ಗೆ, ಬೈದರೆ ಪೈಲಟ್‌ಗಳು ಸುಧಾರಿಸುತ್ತಾರೆ, ಹೊಗಳಿದರೆ ಕೆಡುತ್ತಾರೆ ಎಂಬ ವಾದ ಎದುರಾಯಿತು. ಬೈಗುಳ ಬಿದ್ದದ್ದು ತೀರ ಕೆಟ್ಟ ಹಾರಾಟಕ್ಕೆ. ಬೈಯದಿದ್ದರೂ ಮುಂದಿನದು ಸುಧಾರಿಸುತ್ತಿತ್ತು. ಕಡಿಮೆ ಅಂಕ ಬಂದ ವಾರ ಮೊಬೈಲ್ ಕಿತ್ತಿಟ್ಟು ಮುಂದಿನ ವಾರ ಅಂಕ ಏರಿದಾಗ ಅಪ್ಪ ಅಮ್ಮ ತಲುಪುವ ತೀರ್ಮಾನವೂ ಇದೇ. ಮಗುವಿನ ಆತ್ಮವಿಶ್ವಾಸದ ಖರ್ಚಿನಲ್ಲಿ ಕಲಿತ ತಪ್ಪು ಪಾಠ ಇದು.

ಅಂಕದ ಬದಲು ಏನನ್ನು ಬರೆದಿಡಬೇಕು? ಅನುಭವಿ ಶಿಕ್ಷಕರು ಹೇಳುವ ‘ತಪ್ಪಿನ ಪುಸ್ತಕ’ವೇ ಇದಕ್ಕೆ ಉತ್ತರ, ಆದರೆ ಅದನ್ನು ಇಡುವ ಕ್ರಮ ಸರಿಯಿರಬೇಕು. ಟೆಸ್ಟ್ ಬರೆಯುವಾಗಲೇ ಪ್ರತಿ ಪ್ರಶ್ನೆಯ ಪಕ್ಕದಲ್ಲಿ ‘ಖಚಿತ’, ‘ಡೌಟು’, ‘ಊಹೆ’ ಎಂಬುದಕ್ಕೆ ಒಂದೊಂದು ಗುರುತು ಹಾಕಿಕೊಳ್ಳಬೇಕು. ಉತ್ತರ ತಿಳಿದ ಮೇಲೆ ಹಾಕಿದ ಗುರುತಿಗೆ ಬೆಲೆಯಿಲ್ಲ. ಒಂದು ಕಾಲ್ಪನಿಕ ಹಾಳೆ ತೆಗೆದುಕೊಳ್ಳೋಣ. ಉತ್ತರಿಸಿದ್ದು 108. ಖಚಿತ ಎಂದುಕೊಂಡ 70ರಲ್ಲಿ 61 ಸರಿ, 9 ತಪ್ಪು. ಡೌಟು ಇದ್ದ 26ರಲ್ಲಿ 12 ಸರಿ, 14 ತಪ್ಪು. ಬರೀ ಊಹೆಯ 12ರಲ್ಲಿ 3 ಸರಿ, 9 ತಪ್ಪು. ಒಟ್ಟು 76 ಸರಿ, 32 ತಪ್ಪು. 8 ಅಂಕ ಕಳೆದು 68.

‘ನೆಗೆಟಿವ್ ಮಾರ್ಕಿಂಗ್‌ನಿಂದ ಎಂಟು ಅಂಕ ಹೋಯಿತು, ಇನ್ನು ಮೇಲೆ ಡೌಟು ಇದ್ದದ್ದನ್ನು ಮುಟ್ಟುವುದಿಲ್ಲ’ ಎಂಬುದು ಈ ಹಾಳೆ ನೋಡಿದವರಿಗೆ ಥಟ್ಟನೆ ತೋಚುವ ತೀರ್ಮಾನ. ಅದು ತಪ್ಪು. ಡೌಟಿನ 26 ಪ್ರಶ್ನೆಗಳು 12 ಅಂಕ ತಂದು 3.5 ಕಳೆದಿವೆ, ಅಂದರೆ 8.5 ಅಂಕದ ಲಾಭ. ನಾಲ್ಕು ಆಯ್ಕೆಗಳಲ್ಲಿ ಎರಡನ್ನು ಖಚಿತವಾಗಿ ತಳ್ಳಿಹಾಕಲು ಬಂದರೆ ಪ್ರತಿ ಪ್ರಶ್ನೆಗೆ ಸರಾಸರಿ 0.375 ಅಂಕ ನಿರೀಕ್ಷಿಸಬಹುದು. ಏನೂ ತಿಳಿಯದೆ ಕುರುಡಾಗಿ ಊಹಿಸಿದರೂ ನಷ್ಟವಿಲ್ಲ, 0.0625 ಅಂಕದಷ್ಟು ಪುಟ್ಟ ಲಾಭವೇ ಇದೆ, ಸಮಯ ಮಾತ್ರ ಹಾಳು. ನಿಜವಾಗಿ ಕುಳಿತು ನೋಡಬೇಕಾದದ್ದು ಖಚಿತ ಎಂದು ಬರೆದು ತಪ್ಪಿದ ಒಂಬತ್ತು. ತಿಳಿಯದ್ದು ತಿಳಿದಿಲ್ಲ ಎಂದು ಗೊತ್ತಿದ್ದರೆ ಓದಿ ಸರಿಪಡಿಸಬಹುದು. ತಿಳಿದಿದೆ ಎಂದುಕೊಂಡದ್ದೇ ತಪ್ಪಿದಾಗ ಆಲೋಚನೆಯ ಕ್ರಮದಲ್ಲೇ ಏನೋ ಎಡವಟ್ಟಿದೆ, ಮತ್ತು ಅದು ಪ್ರತಿ ಟೆಸ್ಟಿನಲ್ಲೂ ಮರುಕಳಿಸುತ್ತದೆ.

ಕಾನೂನು ತರ್ಕದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಸಿಗುತ್ತದೆ. ತನ್ನ ಜಾಗದಲ್ಲಿ ಅಪಾಯಕಾರಿ ವಸ್ತು ಇಟ್ಟುಕೊಂಡವನು, ಅದು ಹೊರಗೆ ಹರಿದು ಹಾನಿಯಾದರೆ, ನಿರ್ಲಕ್ಷ್ಯ ಇಲ್ಲದಿದ್ದರೂ ಹೊಣೆ. ಆದರೆ ಪ್ರಕೃತಿ ವಿಕೋಪದಿಂದ ಹಾಗಾದರೆ ಹೊಣೆಯಲ್ಲ ಎಂಬ ನಿಯಮ ಗದ್ಯಭಾಗದಲ್ಲಿದೆ ಎನ್ನೋಣ. ಇಂಗ್ಲೆಂಡಿನ 1868ರ ರೈಲ್ಯಾಂಡ್ಸ್ ಪ್ರಕರಣದಿಂದ ಬೆಳೆದ ನಿಯಮ ಅದು. ಭೂಕಂಪದಲ್ಲಿ ರಾಸಾಯನಿಕ ಕಾರ್ಖಾನೆಯ ಟ್ಯಾಂಕ್ ಒಡೆದು ಪಕ್ಕದ ತೋಟ ಹಾಳಾಯಿತು, ಮಾಲೀಕ ಹೊಣೆಯೇ ಎಂಬುದು ಪ್ರಶ್ನೆ. ದೆಹಲಿಯ ಓಲಿಯಂ ಅನಿಲ ಸೋರಿಕೆಯ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 1986ರಲ್ಲಿ ಇಂಥ ವಿನಾಯಿತಿಗಳನ್ನು ಅಪಾಯಕಾರಿ ಉದ್ಯಮಗಳಿಗೆ ಒಪ್ಪಲಿಲ್ಲ ಎಂದು ಕೋಚಿಂಗ್‌ನಲ್ಲಿ ಕಲಿತ ವಿದ್ಯಾರ್ಥಿ ‘ಹೊಣೆ’ ಎಂದು ಧೈರ್ಯವಾಗಿ ಗುರುತು ಹಾಕುತ್ತಾನೆ. ಭಾರತದ ಕಾನೂನಿನ ಮಟ್ಟಿಗೆ ಅವನ ತಿಳಿವಳಿಕೆ ಸರಿ. ಪರೀಕ್ಷೆಯಲ್ಲಿ ಉತ್ತರ ತಪ್ಪು, ಏಕೆಂದರೆ ಅಲ್ಲಿ ಕೇಳಿದ್ದು ಕೊಟ್ಟ ನಿಯಮವನ್ನು ಅನ್ವಯಿಸುವ ಕೌಶಲ. ತಪ್ಪಿನ ಪುಸ್ತಕದಲ್ಲಿ ‘ಕಾನೂನು ತರ್ಕ, ಪ್ರಶ್ನೆ 63, ತಪ್ಪು’ ಎಂದು ಬರೆದರೆ ಏನೂ ಸಿಗದು. ‘ವಿನಾಯಿತಿ ಎರಡನೇ ಪ್ಯಾರಾದಲ್ಲೇ ಇತ್ತು. ಹೊರಗಿನ ನಿಯಮ ತಂದು ಹಾಕಿದೆ. ನಿಯಮದ ಸಾಲಿಗೆ ಮೊದಲು ಅಡಿಗೆರೆ ಎಳೆಯಬೇಕು’ ಎಂದು ಬರೆದರೆ ಮುಂದಿನ ಟೆಸ್ಟಿಗೆ ಒಂದು ಕೆಲಸ ಸಿಕ್ಕಿತು. ಇಂಥ ಬಗೆಯ ತಪ್ಪು ತಿಂಗಳಿನಲ್ಲಿ ಆರರಿಂದ ಎರಡಕ್ಕೆ ಇಳಿದರೆ, ಒಟ್ಟು ಅಂಕ ಕದಲದಿದ್ದರೂ ಪ್ರಗತಿ ನಡೆದಿದೆ. ಹುಮ್ಮಸ್ಸಿಗೆ ಆಸರೆ ಬೇಕಾದರೆ ಈ ಇಳಿಕೆಯಷ್ಟು ಗಟ್ಟಿಯಾದದ್ದು ಬೇರೆ ಇಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರು ಇನ್ನೊಂದನ್ನೂ ಅಳೆಯಬೇಕು: ಇಂಗ್ಲಿಷ್ ಓದಿನ ವೇಗ. ಕ್ಲ್ಯಾಟ್ ಇಂಗ್ಲಿಷಿನಲ್ಲಿ ಮಾತ್ರ ನಡೆಯುತ್ತದೆ. ಗದ್ಯಭಾಗಗಳು ಸುಮಾರು 450 ಪದಗಳವು. ಭಾಗಕ್ಕೆ ಐದು ಪ್ರಶ್ನೆ ಎಂದಿಟ್ಟುಕೊಂಡರೆ ಒಟ್ಟು 24 ಭಾಗ, ಹತ್ತು ಸಾವಿರಕ್ಕೂ ಹೆಚ್ಚು ಪದ. ನಿಮಿಷಕ್ಕೆ 150 ಪದದ ವೇಗದಲ್ಲಿ ಓದಿಗೇ 72 ನಿಮಿಷ ಹೋಗುತ್ತದೆ. ವೇಗ 200ಕ್ಕೆ ಏರಿದರೆ 54 ನಿಮಿಷ ಸಾಕು. ಯೋಚಿಸಲು 18 ನಿಮಿಷ ಉಳಿಯಿತು. ಇಂಗ್ಲಿಷ್ ಸುಧಾರಿಸಿತೇ ಎಂಬ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ, ಆ ಅಸ್ಪಷ್ಟತೆಯಲ್ಲೇ ಎಷ್ಟೋ ಜಾಣ ಮಕ್ಕಳು ಕೈಚೆಲ್ಲುತ್ತಾರೆ. ಪತ್ರಿಕೆಯ ಸಂಪಾದಕೀಯವೊಂದನ್ನು ಗಡಿಯಾರ ಇಟ್ಟು ಓದಿ, ಮುಚ್ಚಿಟ್ಟು, ಅದರ ವಾದವನ್ನು ಕನ್ನಡದಲ್ಲೇ ಎರಡು ವಾಕ್ಯದಲ್ಲಿ ಬರೆದು, ವೇಗವನ್ನು ವಾರಕ್ಕೊಮ್ಮೆ ಗುರುತಿಸಿಕೊಂಡರೆ ಅಸ್ಪಷ್ಟವಾದದ್ದು ಸಂಖ್ಯೆಯಾಗಿ ಕಾಣುತ್ತದೆ. ಅರ್ಥವಾಗದೆ ವೇಗ ಹೆಚ್ಚಿದರೆ ಆ ಎರಡು ವಾಕ್ಯಗಳೇ ತೋರಿಸಿಕೊಡುತ್ತವೆ.

ಪ್ರಚಲಿತ ವಿದ್ಯಮಾನದಲ್ಲಿ ಸಮಸ್ಯೆ ಬೇರೆ ಬಗೆಯದು. ಅಲ್ಲಿ ಓದಿದವರನ್ನು ಅವರ ಅನಿಸಿಕೆಯೇ ಮೋಸಗೊಳಿಸುತ್ತದೆ. ಕಲಿತದ್ದು ಮೊದಲ ಗಂಟೆ, ಮೊದಲ ದಿನಗಳಲ್ಲೇ ಅತಿ ವೇಗವಾಗಿ ಮರೆಯುತ್ತದೆ ಎಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ 1885ರಲ್ಲಿ ತೋರಿಸಿದ್ದ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಗದ್ಯವನ್ನು ನಾಲ್ಕು ಸಲ ಓದಿದರು, ಇನ್ನು ಕೆಲವರು ಒಮ್ಮೆ ಓದಿ ಮೂರು ಸಲ ನೋಡದೆ ನೆನಪಿಸಿಕೊಂಡು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿದವರಿಗೆ ಶೇ 83, ಬರೆದವರಿಗೆ ಶೇ 71 ನೆನಪಿತ್ತು. ಒಂದು ವಾರದ ನಂತರ ಓದಿದವರಿಗೆ ಉಳಿದದ್ದು ಶೇ 40, ಬರೆದವರಿಗೆ ಶೇ 61. ವಾರದ ನಂತರ ಎಷ್ಟು ನೆನಪಿರಬಹುದು ಎಂದು ಮೊದಲೇ ಕೇಳಿದ್ದಾಗ ಹೆಚ್ಚು ಭರವಸೆ ತೋರಿದ್ದು ಮತ್ತೆ ಮತ್ತೆ ಓದಿದವರೇ. ಮಾಸಿಕ ಸಂಚಿಕೆಯ ಪುಟಗಳಿಗೆ ಬಣ್ಣದ ಗೆರೆ ಎಳೆದು ಮೂರು ಸಲ ಓದಿದವರಿಗೆ ಸಿಗುವ ತೃಪ್ತಿ ಇದೇ. ಲೆಕ್ಕ ಇಡಬೇಕಾದದ್ದು ಎಷ್ಟು ಪುಟ ಓದಿಯಾಯಿತು ಎಂದಲ್ಲ. ವಾರ ಬಿಟ್ಟು, ತಿಂಗಳು ಬಿಟ್ಟು, ಪುಸ್ತಕ ಮುಚ್ಚಿಟ್ಟಾಗ ಎಷ್ಟು ಹೇಳಲು ಬಂತು ಎಂದು.

ತಯಾರಿಯ ನಡುವೆ ಕೆಲವು ವಾರ ಸರಾಸರಿ ರೇಖೆಯೂ ಅಲ್ಲಾಡದೆ ನಿಲ್ಲುವುದುಂಟು. ಅಮೆರಿಕದ ವಿಲಿಯಂ ಬ್ರಯನ್ ಮತ್ತು ನೋಬಲ್ ಹಾರ್ಟರ್ 1897ರಲ್ಲಿ ಟೆಲಿಗ್ರಾಫ್ ಕಲಿಯುವವರನ್ನು ವಾರವಾರವೂ ಅಳೆದಾಗ, ಸಂದೇಶ ಕಳಿಸುವ ವೇಗ ಒಂದೇ ಸಮನೆ ಏರಿತು. ಕೇಳಿ ಬರೆದುಕೊಳ್ಳುವ ವೇಗ ಮಾತ್ರ ಒಂದು ಹಂತದಲ್ಲಿ ವಾರಗಟ್ಟಲೆ ನಿಂತು, ಆಮೇಲೆ ಮತ್ತೆ ಜಿಗಿಯಿತು. ಅಕ್ಷರ ಅಕ್ಷರವಾಗಿ ಕೇಳುತ್ತಿದ್ದವರು ಪದವಾಗಿ, ಪದಗುಚ್ಛವಾಗಿ ಕೇಳತೊಡಗುವ ಮುನ್ನ ಕೆಳಹಂತದ ಕೌಶಲ ಪೂರ್ತಿ ರೂಢಿಯಾಗಬೇಕು, ಆ ಕಾಲ ಹೊರಗೆ ಕಾಣುವುದಿಲ್ಲ ಎಂದು ಅವರು ವಿವರಿಸಿದರು. ನಂತರದ ಅಧ್ಯಯನಗಳಲ್ಲಿ ಇಂಥ ನಿಲುಗಡೆ ಎಲ್ಲ ಕಲಿಯುವವರಲ್ಲೂ ಕಾಣಲಿಲ್ಲ. ಹಾಗಾಗಿ ಅಂಕ ನಿಂತಿದೆಯೆಂದರೆ ಮುಂದೆ ಜಿಗಿತ ಖಂಡಿತ ಎಂದು ನಂಬಿ ಕೂರುವಂತಿಲ್ಲ. ತಪ್ಪುಗಳ ಬಗೆ ಬದಲಾಗುತ್ತಿದ್ದರೆ ಒಳಗೆ ಕೆಲಸ ನಡೆದಿದೆ. ಅವೇ ತಪ್ಪುಗಳು ಅದೇ ಸಂಖ್ಯೆಯಲ್ಲಿ ಬರುತ್ತಿದ್ದರೆ ಓದುವ ವಿಧಾನ ಬದಲಿಸುವ ಕಾಲ ಬಂದಿದೆ.

ದಿನವೂ ಮನಸ್ಸನ್ನು ಹುರಿದುಂಬಿಸಿಕೊಂಡೇ ಕೂರಬೇಕಾದರೆ ಯಾರಿಗೂ ವರ್ಷವಿಡೀ ಸಾಧ್ಯವಾಗದು, ಓದು ಅಭ್ಯಾಸವಾಗಬೇಕು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರ ಮೇಲೆ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಸ ರೂಢಿಯೊಂದು ತಾನಾಗಿ ನಡೆಯುವಂತಾಗಲು ಬೇಕಾದ ದಿನಗಳ ಮಧ್ಯಾಂಕ 66. ವ್ಯಾಪ್ತಿ 18ರಿಂದ 254 ದಿನ. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ಹಾನಿ ಆಗಲಿಲ್ಲ. ಮನೆಯಲ್ಲಿ ಮದುವೆ, ಊರಿನ ಜಾತ್ರೆ, ಜ್ವರ ಎಂದು ಎರಡು ದಿನ ಬಿಟ್ಟವರು ‘ಎಲ್ಲ ಹಾಳಾಯಿತು’ ಎಂದು ಹದಿನೈದು ದಿನ ಬಿಡುವುದೇ ನಿಜವಾದ ನಷ್ಟ. ಮತ್ತೆ ಶುರು ಮಾಡಲು ನೆರವಾಗುವ ಉಪಾಯ ಪೀಟರ್ ಗೋಲ್‌ವಿಟ್ಜರ್ ಅವರದು: ‘ಓದುತ್ತೇನೆ’ ಎಂಬ ಸಂಕಲ್ಪದ ಬದಲು, ‘ಸಂಜೆ ಕಾಫಿ ಕುಡಿದು ಲೋಟ ಇಟ್ಟ ಕೂಡಲೇ ಒಂದು ಗದ್ಯಭಾಗ ತೆಗೆಯುತ್ತೇನೆ’ ಎಂದು ಸಂದರ್ಭಕ್ಕೆ ಕೆಲಸವನ್ನು ಕಟ್ಟಿಹಾಕುವುದು. ಈ ಬಗೆಯ ಯೋಜನೆಯ ಬಗ್ಗೆ ನಡೆದ 94 ಪ್ರಯೋಗಗಳನ್ನು 2006ರಲ್ಲಿ ಒಟ್ಟಿಗೆ ನೋಡಿದಾಗ ಪರಿಣಾಮ ಗಣನೀಯವಾಗಿತ್ತು.

ಜೊತೆಗಾರರ ಪಾತ್ರವೂ ಇದೆ. ತನಗೆ ಸಾಧ್ಯ ಎಂಬ ಭಾವ, ತನ್ನ ಆಯ್ಕೆ ಎಂಬ ಭಾವ, ತನ್ನವರು ಇದ್ದಾರೆ ಎಂಬ ಭಾವ ಈ ಮೂರೂ ಸೇರಿದಾಗ ಪ್ರೇರಣೆ ಬಾಳುತ್ತದೆ ಎಂದು ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯನ್ ವಾದಿಸುತ್ತಾರೆ. ಕೋಚಿಂಗ್ ಶುಲ್ಕ ಕಟ್ಟಲಾಗದ, ಮನೆಯಲ್ಲಿ ವಕೀಲರನ್ನೇ ಕಾಣದ ವಿದ್ಯಾರ್ಥಿಗೆ ಮೂರನೆಯದು ಸಿಗುವುದೇ ಕಷ್ಟ. ಕಾನೂನು ವಿದ್ವಾಂಸ ಶಮ್ನಾದ್ ಬಶೀರ್ 2010ರಲ್ಲಿ ಆರಂಭಿಸಿದ ಐಡಿಯಾ ಎಂಬ ಸಂಸ್ಥೆ ಇಂಥವರನ್ನು ಹುಡುಕಿ ತರಬೇತಿ ಕೊಡುತ್ತದೆ. ಪಾಠ ಹೇಳಿಕೊಡುವವರಲ್ಲಿ ಕಾನೂನು ಶಾಲೆಗಳ ವಿದ್ಯಾರ್ಥಿಗಳೇ ಅನೇಕರು. ಇಬ್ಬರು ಮೂವರು ಗೆಳತಿಯರು ಭಾನುವಾರ ಸಂಜೆ ತಮ್ಮ ತಪ್ಪಿನ ಪುಸ್ತಕಗಳನ್ನು ಅದಲುಬದಲು ಮಾಡಿ ಓದಿದರೂ ಸ್ವಲ್ಪ ಮಟ್ಟಿಗೆ ಅದೇ ಕೆಲಸ ಆಗುತ್ತದೆ. ಅಂಕಗಳನ್ನು ಅದಲುಬದಲು ಮಾಡುವುದು ಬೇರೆ; ಅದರಿಂದ ಹೋಲಿಕೆ ಮಾತ್ರ ಬೆಳೆಯುತ್ತದೆ.

ಪರೀಕ್ಷೆಗೆ ಎರಡು ವಾರ ಇರುವಾಗ ಹೊಸ ಅಳತೆಗಳನ್ನು ನಿಲ್ಲಿಸುವುದು ಒಳ್ಳೆಯದು. ಆಗ ಬರೆದ ಮಾಕ್ ಟೆಸ್ಟಿನ ಅಂಕ ಆತಂಕ ಹೆಚ್ಚಿಸಬಹುದೇ ಹೊರತು, ಸರಾಸರಿ ಆಗಲೇ ಹೇಳಿರುವುದಕ್ಕೆ ಹೆಚ್ಚೇನೂ ಸೇರಿಸುವುದಿಲ್ಲ. ಪರೀಕ್ಷೆ ನಡೆಯುವ ಹೊತ್ತಿನಲ್ಲೇ ಎರಡು ಗಂಟೆ ಓಎಂಆರ್ ಹಾಳೆ ತುಂಬುವ ರೂಢಿ, ನಿದ್ದೆ, ತಪ್ಪಿನ ಪುಸ್ತಕದ ಕೊನೆಯ ಕೆಲವು ಪುಟಗಳು ಇವಿಷ್ಟೇ ಉಳಿಯಬೇಕು.

ಫಲಿತಾಂಶ ನಿರೀಕ್ಷಿಸಿದಂತೆ ಬರದಿದ್ದಾಗ ಇನ್ನೊಂದು ವರ್ಷ ಡ್ರಾಪ್ ತೆಗೆದುಕೊಳ್ಳಬೇಕೇ ಎಂಬ ಪ್ರಶ್ನೆ ಏಳುತ್ತದೆ. ಆ ದಿನದ ದುಃಖದಲ್ಲಿ ಅದಕ್ಕೆ ಉತ್ತರ ಹುಡುಕುವ ಬದಲು ದಾಖಲೆಯನ್ನು ತೆಗೆದು ನೋಡಬಹುದು. ಕೊನೆಯ ಮಾಕ್‌ಗಳ ಸರಾಸರಿ ಬೇಕಾದ ಅಂಕಕ್ಕೆ ಹತ್ತಿರವಿದ್ದು ಪರೀಕ್ಷೆಯಲ್ಲಿ ಆರೇಳು ಅಂಕ ಕಡಿಮೆಯಾಗಿದ್ದರೆ ಅದು ಆಕಸ್ಮಿಕದ ವ್ಯಾಪ್ತಿಯಲ್ಲೇ ಇದೆ. ಮತ್ತೊಮ್ಮೆ ಬರೆದರೆ ಫಲ ಬೇರೆಯಾಗುವ ಸಾಧ್ಯತೆ ಸಾಕಷ್ಟಿದೆ. ಸರಾಸರಿಯೇ ಇಪ್ಪತ್ತು ಅಂಕ ಕೆಳಗಿದ್ದು ಕೊನೆಯ ನಾಲ್ಕು ತಿಂಗಳು ರೇಖೆ ನಿಂತಿದ್ದರೆ, ಅದೇ ವಿಧಾನದ ಇನ್ನೊಂದು ವರ್ಷ ಅದೇ ಅಂಕವನ್ನು ಕೊಡುತ್ತದೆ. ಆಗ ವಿಧಾನ ಬದಲಾಗಬೇಕು, ಇಲ್ಲವೇ ದಾರಿ. ಕ್ಲ್ಯಾಟ್‌ಗೆ ಗರಿಷ್ಠ ವಯೋಮಿತಿ ಇಲ್ಲ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿದ ಕಾಲೇಜುಗಳಲ್ಲಿ ಪಿಯು ಅಂಕಗಳ ಆಧಾರದ ಮೇಲೆ ಐದು ವರ್ಷದ ಕಾನೂನು ಪದವಿಗೆ ಸೇರಬಹುದು, ಬೇರೆ ಪದವಿ ಮುಗಿಸಿ ಮೂರು ವರ್ಷದ ಎಲ್‌ಎಲ್‌ಬಿಗೂ ಹೋಗಬಹುದು. ಅಲ್ಲಿಂದ ಮುಂದೆ ಸ್ನಾತಕೋತ್ತರ ಕ್ಲ್ಯಾಟ್ ಬರೆದು ಎಲ್‌ಎಲ್‌ಎಂ ಓದಲು ನಾಗರಬಾವಿಗೆ ಬರುವ ಅವಕಾಶವೂ ಇದೆ.